ಬೇರು ತುಂಡಾದ ಕೂಡಲೇ ಹಲ್ಲು ಕೀಳಬೇಕೇ? ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಕೊಡಗು ಜಿಲ್ಲಾ ಆರೋಗ್ಯಾಧಿಕಾರಿಯವರಿಗೆ,

ನಮಸ್ಕಾರ.

ಕಳೆದ ವರ್ಷ ಬೇಸಿಗೆ ಹಾಕಿ ಕ್ಯಾಂಪಿನಲ್ಲಿ ನನ್ನ ಮಗನ ಬಾಯಿಗೆ ಸ್ಟಿಕ್ ಬಡಿಯಿತು. ಅವನಿಗಾಗ 13 ವರ್ಷ. ಮೇಲಿನ ಎದುರು ಹಲ್ಲು ಮುರಿದಂತೆ ಕಾಣಲಿಲ್ಲ, ಬಿದ್ದೂ ಇರಲಿಲ್ಲ. ಪಕ್ಕದ ಹಲ್ಲಿಗಿಂತ ಒಂಚೂರು ಕೆಳಗಿಳಿದಿತ್ತು. ವಸಡಿನ ಅಂಚಿನಲ್ಲಿ ಗೆರೆ ಎಳೆದ ಹಾಗೆ ರಕ್ತ. ಬಾಯಿ ಮುಚ್ಚಿದರೆ ಮೊದಲು ಆ ಹಲ್ಲೇ ತಾಗುತ್ತಿತ್ತು.

ಹತ್ತಿರದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆದರು. 'ಒಳಗೆ ಬೇರು ಅಡ್ಡಕ್ಕೆ ತುಂಡಾಗಿದೆ. ಇವತ್ತೇ ಕೀಳಿಸಿಬಿಡಿ, ಮುಂದೆ ಇಂಪ್ಲಾಂಟ್ ಹಾಕಿಸಿದರಾಯ್ತು' ಅಂದರು. ಇಂಪ್ಲಾಂಟ್ ಅಂದರೆ ದವಡೆಯ ಎಲುಬಿಗೆ ತಿರುಪು ಕೂರಿಸಿ ಕಟ್ಟುವ ಕೃತಕ ಹಲ್ಲು. ನಾನು ಹೂಂ ಅನ್ನುವವನಿದ್ದೆ. ಹೆಂಡತಿ ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಮೈಸೂರು ಬಸ್ ಹತ್ತಿದೆವು.

ಅಲ್ಲಿನ ಡಾಕ್ಟರು ಬೇರೆ ಬೇರೆ ಕೋನದಿಂದ ಎಕ್ಸ್‌ರೇ ತೆಗೆದರು. ತುಂಡಾಗಿದ್ದು ಬೇರಿನ ನಡುವೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬೆರಳಿನಿಂದಲೇ ಮೆಲ್ಲಗೆ ಒತ್ತಿ ಹಲ್ಲನ್ನು ಜಾಗಕ್ಕೆ ಕೂರಿಸಿದರು. ತೆಳು ತಂತಿಯೊಂದನ್ನು ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ಅಂಟಿಸಿದರು. 4 ವಾರ ಬಿಚ್ಚುವ ಹಾಗಿಲ್ಲ. ಆ 4 ವಾರ ಮನೆಯಲ್ಲಿ ಗಂಜಿ, ನೂಪುಟ್ಟು, ಮತ್ತೆ ಗಂಜಿ. ಪಂದಿ ಕರಿ ಮಾಡಿದ ದಿನ ಅವನ ಮುಖ ನೋಡಬೇಕಿತ್ತು.

ರೂಟ್ ಕೆನಾಲ್ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಕೈ ಹಾಕಲಿಲ್ಲ. ಬೇರು ತುಂಡಾದರೂ ಎಷ್ಟೋ ಸಲ ನರ ಬದುಕಿಕೊಳ್ಳುತ್ತದಂತೆ. ನರ ಸತ್ತರೆ ಆಗ ಮಾಡಿದರಾಯ್ತು, ಅದೂ ಸಾಮಾನ್ಯವಾಗಿ ತುಂಡಾದ ಜಾಗದ ತನಕ ಮಾತ್ರ. ತಂತಿ ಬಿಚ್ಚಿದ ದಿನ ತಣ್ಣಗಿರುವುದನ್ನು ತಾಗಿಸಿದರೆ ಹಲ್ಲಿಗೆ ಏನೂ ಗೊತ್ತಾಗಲಿಲ್ಲ. ನನ್ನ ಎದೆ ಧಸಕ್ಕೆಂದಿತು. 'ಮೂರು ತಿಂಗಳು ಹೀಗೇ ಇರಬಹುದು, ಕಾಯೋಣ' ಅಂದರು. ನಾಲ್ಕನೇ ತಿಂಗಳು ತಾಗಿಸಿದಾಗ ಹುಡುಗ 'ಹಾ' ಅಂತ ತಲೆ ಹಿಂದಕ್ಕೆಳೆದ.

ಎಲ್ಲ ಹಲ್ಲೂ ಹೀಗೆ ಉಳಿಯುವುದಿಲ್ಲ, ಒಪ್ಪುತ್ತೇನೆ. ವಸಡಿನ ಹತ್ತಿರ ತುಂಡಾದರೆ ಕಷ್ಟ, ತಂತಿಯೇ 4 ತಿಂಗಳವರೆಗೆ ಬೇಕಾಗಬಹುದು. ಆದರೆ ಆ 'ಮುಂದೆ ಇಂಪ್ಲಾಂಟ್' ಮಾತು ನನಗಿನ್ನೂ ನುಂಗಲಾಗಿಲ್ಲ. ದವಡೆಯ ಬೆಳವಣಿಗೆ ನಿಲ್ಲುವ ತನಕ ಇಂಪ್ಲಾಂಟ್ ಹಾಕುವಂತಿಲ್ಲ. ಅಲ್ಲಿಯವರೆಗೆ ಹಲ್ಲು ಕಿತ್ತ ಜಾಗದ ಎಲುಬು ಸವೆಯುತ್ತಾ ಹೋಗುತ್ತದೆ. ಇದನ್ನು ಯಾರೂ ಹೇಳಲಿಲ್ಲ, ಅಲ್ವಾ?

ನಮ್ಮದು ಹಾಕಿ ಜಿಲ್ಲೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿಗೆ 360 ತಂಡಗಳು ಬಂದವು. ಇಷ್ಟು ಸ್ಟಿಕ್ ಬೀಸುವ ಊರಿನಲ್ಲಿ ಒಂದು ಗೇಣು ತಂತಿಗೆ ಮೈಸೂರಿಗೆ ಹೋಗಬೇಕೇ? ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗದಲ್ಲಿ ಹಲ್ಲಿನ ಎಕ್ಸ್‌ರೇ ತೆಗೆಯುವ, ಕೆಲಸ ಮಾಡುವ ಯಂತ್ರ, ಆ ತಂತಿ, ಅಂಟಿಸುವ ಸಾಮಾನು ಸದಾ ಇರಲಿ. ಪೆಟ್ಟು ತಿಂದು ಬಂದ ಮಕ್ಕಳ ಮುಂಭಾಗದ ಹಲ್ಲನ್ನು ಅವತ್ತೇ ಕೀಳುವ ಮೊದಲು ಇನ್ನೊಬ್ಬ ದಂತ ವೈದ್ಯರಿಗೆ ಎಕ್ಸ್‌ರೇ ತೋರಿಸಬೇಕೆಂದು ನಿಯಮ ಮಾಡಿ. ಮತ್ತೆ, ಮುಂದಿನ ಬೇಸಿಗೆ ಕ್ಯಾಂಪಿಗೆ ಮುಂಚೆ ಪಿಇ ಮೇಷ್ಟ್ರುಗಳನ್ನು ಅರ್ಧ ದಿನ ಕೂರಿಸಿ, ಹಲ್ಲಿಗೆ ಪೆಟ್ಟು ಬಿದ್ದರೆ ಏನು ಮಾಡಬೇಕೆಂದು ಹೇಳಿಕೊಡಿ. ಪೂರ್ತಿ ಹೊರಬಿದ್ದ ಹಲ್ಲನ್ನು ಹಾಲಿನಲ್ಲಿಟ್ಟು ತರಬೇಕು ಅನ್ನುವುದೂ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ. ನನಗಂತೂ ಗೊತ್ತಿರಲಿಲ್ಲ.

ಮುಂದಿನ ತಿಂಗಳು ಮಗನಿಗೆ ಒಂದು ವರ್ಷದ ಎಕ್ಸ್‌ರೇ ಇದೆ. ಮತ್ತೆ ಮೈಸೂರು ಬಸ್ಸೇ.

ಇಂತಿ,
ನಾಪೋಕ್ಲು ಕಡೆಯ ಒಬ್ಬ ಅಪ್ಪ