ಪಿಎಸ್‌ಎ ರಿಪೋರ್ಟ್ ಹಾಕುವ ಮುನ್ನ

ಗೆಳೆಯರೇ, ಒಂದೇ ಪಿಎಸ್‌ಎ (ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕಾಯಿಲೆ ನೋಡುವ ರಕ್ತಪರೀಕ್ಷೆ) ರಿಪೋರ್ಟಿನ ಫೋಟೋ ಹಾಕಿ ‘ಕ್ಯಾನ್ಸರ್ ಹರಡಿದೆಯಾ?’ ಎಂದು ಕೇಳಬೇಡಿ. ಒಂದು ಅಂಕಿ ಅಷ್ಟೆಲ್ಲ ಹೇಳುವುದಿಲ್ಲ. ಆಪರೇಷನ್ನಿನಲ್ಲಿ ಪ್ರಾಸ್ಟೇಟ್ ತೆಗೆದ ಮೇಲೆ ಪಿಎಸ್‌ಎ 0.2 ng/mL ದಾಟಿ, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ಕಾಯಿಲೆ ಮರಳಿರಬಹುದು ಎಂದು ಡಾಕ್ಟರು ನೋಡುತ್ತಾರೆ. ಆಗಲೂ ಮುಖ್ಯವಾದದ್ದು ಅದು ಎಷ್ಟು ಬೇಗ ದುಪ್ಪಟ್ಟಾಗುತ್ತಿದೆ ಎನ್ನುವುದು. 3 ತಿಂಗಳೊಳಗೇ ಆದರೆ ಹರಡುವ ಅಪಾಯ ಜಾಸ್ತಿ. ವರ್ಷಕ್ಕಿಂತ ನಿಧಾನವಾದರೆ ಕಡಿಮೆ. ಈ ಲೆಕ್ಕಕ್ಕೆ ಹಳೆಯ ರಿಪೋರ್ಟುಗಳು ತಾರೀಖಿನ ಸಮೇತ ಬೇಕು ಅಲ್ವಾ? ಬಿಸಾಡಬೇಡಿ. ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿದರೆ ಕ್ಯಾನ್ಸರ್ ಮೂಳೆಗೆ ಹರಡಿರಬಹುದು ಎಂಬ ಅನುಮಾನ ಬರುತ್ತದೆ. ಲಿವರ್ ತೊಂದರೆಗೂ ಅದು ಏರುತ್ತದೆ, ಸುಮ್ನೆ ಗಾಬರಿಯಾಗಬೇಡಿ. ಪ್ರಾಸ್ಟೇಟ್ ಊತಕ್ಕೆ ಫಿನಾಸ್ಟರೈಡ್ ತೆಗೆದುಕೊಳ್ಳುತ್ತಿದ್ದರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಡಾಕ್ಟರಿಗೆ ಮೊದಲೇ ಹೇಳಿ.