ಅರೇ ಪಾಠ ಅಡಿಕೆ ಸಾಲಿನಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ಕಡೆಯ ಕಾಲೇಜೊಂದರಲ್ಲಿ ಹನ್ನೊಂದು ವರ್ಷದಿಂದ ಬಿಸಿಎ ಮೊದಲ ವರ್ಷದವರಿಗೆ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದೇನೆ. ಈ ಸಲ ಉತ್ತರ ಪತ್ರಿಕೆ ತಿದ್ದುವಾಗಲೂ ಕಂಡದ್ದು ಅದೇ. ‘ಅರೇ (array) ಎಂದರೇನು?’ ಎಂಬ ಎರಡು ಅಂಕದ ಪ್ರಶ್ನೆಗೆ ‘ಒಂದೇ ಬಗೆಯ ದತ್ತಾಂಶಗಳ ಸಮೂಹ’ ಎಂದು ಒಂದಕ್ಷರ ತಪ್ಪದೆ ಬರೆದ ಮಕ್ಕಳು, ಮುಂದಿನ ಪುಟದಲ್ಲಿ ಜೂನ್ ತಿಂಗಳ ಮಳೆ ಕೂಡಿಸುವಾಗ ಲೂಪನ್ನು (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಸೂಚನೆ) 1ರಿಂದ 30ರವರೆಗೆ ಓಡಿಸಿದ್ದಾರೆ. ಸಿ ಭಾಷೆಯ ಅರೇಯಲ್ಲಿ ಎಣಿಕೆ ಶುರುವಾಗುವುದು ಸೊನ್ನೆಯಿಂದ; ಓಡಬೇಕಿದ್ದದ್ದು 0ಯಿಂದ 29ರವರೆಗೆ. ಜೂನ್ 1ರ ಮಳೆ ಲೆಕ್ಕಕ್ಕೇ ಬರಲಿಲ್ಲ. ಜೂನ್ 31 ಎಂಬ ಇಲ್ಲದ ದಿನದ ಮಳೆ ಸೇರಿಕೊಂಡಿತು.

ಎಣಿಕೆ ಸೊನ್ನೆಯಿಂದ ಯಾಕೆ ಎಂದು ಯಾರಾದರೂ ಕೇಳಿದರೆ ‘ಭಾಷೆಯ ನಿಯಮ’ ಎಂದು ಮುಂದೆ ಹೋಗುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಹೇಳಿದೆ, ಆ ಬೇಸರ ಇನ್ನೂ ಇದೆ. ಹೋದ ಮಳೆಗಾಲ ತರಗತಿಯನ್ನು ಪಕ್ಕದ ಅಡಿಕೆ ತೋಟಕ್ಕೇ ಕರೆದೊಯ್ದೆ. ಇಂಬಳಕ್ಕೆ ಹೆದರಿ ಕೆಲವರು ಅಂಚಿನಲ್ಲೇ ನಿಂತರು. ಮರದಿಂದ ಮರಕ್ಕೆ ಒಂಬತ್ತು ಅಡಿ. ಮೊದಲ ಮರದ ಬುಡದಲ್ಲಿ ನಿಂತು, ‘ಈ ಮರ ಮುಟ್ಟಲು ಎಷ್ಟು ಅಡಿ ನಡೀಬೇಕು?’ ಎಂದೆ. ‘ಸೊನ್ನೆ ಮೇಡಂ.’ ‘ಮೂರನೇ ಮರಕ್ಕೆ?’ ‘ಹದಿನೆಂಟು.’

ಕಂಪ್ಯೂಟರ್ ಮಾಡುವ ಲೆಕ್ಕವೂ ಇಷ್ಟೇ. ಮಳೆ[2] ಎಂದು ಬರೆದರೆ, ಆವರಣದೊಳಗಿನ ಸಂಖ್ಯೆಯನ್ನು ಒಂದು ಮನೆಯ, ಅಂದರೆ ಒಂದು ದತ್ತಾಂಶ ಇಡುವ ಜಾಗದ, ಅಳತೆಯಿಂದ ಗುಣಿಸಿ (ಪೂರ್ಣಾಂಕಕ್ಕೆ ಈಗಿನ ಬಹುತೇಕ ಯಂತ್ರಗಳಲ್ಲಿ 4 ಬೈಟ್) ಸಾಲಿನ ಮೊದಲ ವಿಳಾಸಕ್ಕೆ ಕೂಡಿಸುತ್ತದೆ. ಆ ಸಂಖ್ಯೆ ಹೇಳುವುದು ಮೊದಲ ಮನೆಯಿಂದ ಎಷ್ಟು ಮನೆ ದೂರ ಎಂಬುದನ್ನು. ಹಾಗಾದರೆ ಎಲ್ಲವೂ ಒಂದೇ ಬಗೆಯದು ಯಾಕಿರಬೇಕು ಎಂದು ಕೇಳಿದೆ. ಹೊಸನಗರ ಕಡೆಯ ಹುಡುಗಿಯೊಬ್ಬಳು, ‘ಅಂತರ ಏರುಪೇರಾದ್ರೆ ಗುಣಿಸಿ ಹುಡುಕಕ್ಕೆ ಆಗಲ್ಲ’ ಎಂದಳು. ಪುಸ್ತಕದ ಆ ವ್ಯಾಖ್ಯಾನ ನನಗೇ ಅಂದು ಪೂರ್ತಿ ತೆರೆದುಕೊಂಡಿತು.

1970ರ ದಶಕದ ಆರಂಭದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆ, ಸಾಲು ಮುಗಿದ ಮೇಲೂ ತಡೆಯುವುದಿಲ್ಲ. ಅಗಳ ದಾಟಿ ಪಕ್ಕದವರ ತೋಟದಲ್ಲಿ ಸಿಕ್ಕಿದ್ದನ್ನೇ ತಂದು ಕೊಡಬಹುದು. ಪೈಥಾನ್ ಎಂಬ ಇನ್ನೊಂದು ಭಾಷೆಯಾದರೆ ಅಲ್ಲೇ ನಿಲ್ಲಿಸಿ ತಪ್ಪು ತೋರಿಸುತ್ತದೆ. ಸಿ ಕಲಿಯುವ ಮಕ್ಕಳಿಗೆ ಗಡಿ ಎಲ್ಲಿದೆಯೆಂಬ ಅರಿವು ಮೊದಲ ದಿನವೇ ಬೇಕು.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಳೆ ಅಳೆದು ದಿನಚರಿಯಲ್ಲಿ ಬರೆದಿಡುತ್ತಾರೆ. ಆ ಪುಟವೇ ಅರೇಯ ಮೊದಲ ಪಾಠವಾಗಲಿ. ಮೂವತ್ತು ದಿನಕ್ಕೆ ಮೂವತ್ತು ಹೆಸರಿಟ್ಟು ಕೈಸೋತ ಮೇಲೆ ಒಂದೇ ಹೆಸರಿನ ಸಾಲು ತೋರಿಸೋಣ. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲೂ ವಿನಂತಿ: ವ್ಯಾಖ್ಯಾನಕ್ಕೆ ಕೊಡುವ ಎರಡು ಅಂಕವನ್ನು ‘ಮಳೆ[6] ಯಾವ ತಾರೀಖಿನದು, ಯಾಕೆ?’ ಎಂಬ ಪ್ರಶ್ನೆಗೆ ಕೊಡಿ.

– ಉಪನ್ಯಾಸಕಿ, ತೀರ್ಥಹಳ್ಳಿ ತಾಲ್ಲೂಕು