ಒಂದೆಲಗ ತಟ್ಟೇಲಿರ್ಲಿ, ಡಬ್ಬೀಲಿ ಬೇಡ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಅರಿಶಿನ, ಒಂದೆಲಗ, ದಾಳಿಂಬೆ ಇವುಗಳಲ್ಲಿ ಆಂಟಿಆಕ್ಸಿಡೆಂಟ್ (ಜೀವಕೋಶ ಹಾಳಾಗೋದನ್ನ ತಡೆಯೋ ಅಂಶ) ತುಂಬಾ ಇದೆ, ದಿನಾ ತಿಂದ್ರೆ ಅಲ್ಜೈಮರ್ ಅನ್ನೋ ಮರೆವಿನ ಕಾಯಿಲೆ ಹತ್ರ ಸುಳಿಯಲ್ಲ ಅಂತ ಬಂದಿತ್ತು. ಬರೆದೋರ ಉದ್ದೇಶ ಒಳ್ಳೇದೇ ಇರ್ಬಹುದು. ಆದ್ರೆ ಅದರ ಫೋಟೋ ತೆಗೆದು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ನಾಲ್ಕು ಜನ ಹಾಕಿದ್ರು, ಅದರಲ್ಲಿ ಒಬ್ಬರು ಜೊತೇಲೇ ಮಾತ್ರೆ ಮಾರೋರ ಲಿಂಕೂ ಹಾಕಿದ್ರು, ಅದಕ್ಕೇ ಈ ಪತ್ರ.

ನಮ್ಮತ್ತೆಗೆ ಈಗ 74. ಮೂರು ವರ್ಷದ ಹಿಂದೆ ಒಂದಿನ ಒಂದೆಲಗದ ತಂಬುಳಿ ಮಾಡೋಕೆ ನಿಂತಿದ್ರು. ಎಲೆ ತೊಳೆದು, ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿಟ್ಟು ಅಲ್ಲಿಗೇ ನಿಂತ್ಬಿಟ್ರು. "ಇದಕ್ಕಿನ್ನು ಏನು ಹಾಕೋದೇ?" ಅಂತ ನನ್ನ ಕೇಳಿದ್ರು. ಮಜ್ಜಿಗೆ ಪಾತ್ರೆ ಕೈ ಹತ್ರಾನೇ ಇತ್ತು. ನಂಗೆ ತಂಬುಳಿ ಕಲಿಸಿದ್ದೇ ಅವರು. ಅರವತ್ತಕ್ಕೆ ಅರಳು ಮರಳು ಅಂತ ಮನೇಲೆಲ್ಲ ನಕ್ಕು ಸುಮ್ಮನಾದ್ವಿ. ಚಿಕ್ಕವರಿದ್ದಾಗಿಂದ ತೋಟದ ಅಂಚಿಂದ ಒಂದೆಲಗ ಕಿತ್ತು ತಿಂದೋರಿಗೇ ಹೀಗಾಯ್ತಲ್ಲ ಅಂತ ಆಮೇಲೆ ಅನ್ನಿಸಿದ್ದುಂಟು, ಒಬ್ಬರ ಕತೆ ಸಾಕ್ಷಿ ಆಗಲ್ಲ ಬಿಡಿ.

ಆಮೇಲೆ ಶುರುವಾಯ್ತು ಮಾತ್ರೆ. ಡಬ್ಬಿ ಮೇಲೆ ಮಿದುಳಿನ ಚಿತ್ರ, ಕೆಳಗೆ ಅರಿಶಿನದಿಂದ ತೆಗೆದ ಕರ್ಕ್ಯುಮಿನ್, ಬ್ರಾಹ್ಮಿ, ಗಿಂಕ್ಗೊ ಅನ್ನೋ ಮರದ ಎಲೆ ಸಾರ. ತಿಂಗಳಿಗೆ 1800 ರೂಪಾಯಿ, 14 ತಿಂಗಳು ನುಂಗಿಸಿದ್ವಿ. ದುಡ್ಡು ಹೋದ್ರೆ ಹೋಗ್ಲಿ, ಮಾತ್ರೆ ತಗೋತಿದಾರಲ್ಲ ಅನ್ನೋ ಧೈರ್ಯದಲ್ಲಿ ಅಷ್ಟೂ ದಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಲಿಲ್ಲ. ಕೊನೆಗೆ ತೋರಿಸಿದಾಗ ಬಿ12 ಪಾತಾಳಕ್ಕಿಳಿದಿತ್ತು, ಬಿಪಿ ಏರಿತ್ತು, ಎರಡೂ ಕಿವಿ ಮಂದ ಆಗಿತ್ತು, ಇದೆಲ್ಲದರ ಜೊತೆ ಅಲ್ಜೈಮರ್ ಕೂಡ ಶುರುವಾಗಿತ್ತು. ಇಂಜೆಕ್ಷನ್, ಬಿಪಿ ಮಾತ್ರೆ, ಕಿವಿಗೆ ಮಷೀನು ಆದ್ಮೇಲೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡ್ತಾರೆ, ಟಿವಿ ರಿಮೋಟಿಗೆ ಮೊಮ್ಮಗನ ಜೊತೆ ಜಗಳಾನೂ ಆಡ್ತಾರೆ. ಮರೆವು ಹೋಗಿಲ್ಲ, ಹೋಗಲ್ಲ ಅಂತ ಡಾಕ್ಟ್ರು ಮೊದಲೇ ಹೇಳಿದಾರೆ.

ಆಂಟಿಆಕ್ಸಿಡೆಂಟ್ ವಿಷಯ ಪೂರ್ತಿ ಸುಳ್ಳಲ್ಲ. ಮಿದುಳು ದೇಹದ ತೂಕದಲ್ಲಿ ಸುಮಾರು 2% ಇದ್ರೂ ಆಮ್ಲಜನಕ ಮಾತ್ರ 20% ಬಳಸುತ್ತೆ, ಒಲೆ ಜೋರಾಗಿ ಉರಿದಷ್ಟೂ ಮಸಿ ಜಾಸ್ತಿ ಅನ್ನೋ ಹಾಗೆ ಅಲ್ಲಿ ಜೀವಕೋಶ ಕೆಡಿಸೋ ಫ್ರೀ ರ‍್ಯಾಡಿಕಲ್ ಕಾಟಾನೂ ಜಾಸ್ತಿ, ಅಲ್ಜೈಮರ್, ಕೈಕಾಲು ನಡುಗೋ ಪಾರ್ಕಿನ್ಸನ್ ಕಾಯಿಲೆ ಎರಡರಲ್ಲೂ ಆ ಹಾನಿಯ ಗುರುತು ಕಾಣುತ್ತೆ. ಗಾಜಿನ ಕೊಳವೇಲಿ ಕರ್ಕ್ಯುಮಿನ್ ಅದನ್ನ ತಡೆಯುತ್ತೆ, ಇಲಿಗಳಲ್ಲೂ ಒಳ್ಳೇ ಫಲಿತಾಂಶ ಬಂದಿದೆ. ಆದ್ರೆ ಗಾಜಿನ ಕೊಳವೆಗೆ ಹೊಟ್ಟೆ ಇಲ್ಲ, ಲಿವರ್ ಇಲ್ಲ, ರಕ್ತದಿಂದ ಮಿದುಳೊಳಗೆ ಸಿಕ್ಕಿದ್ದನ್ನೆಲ್ಲ ಬಿಡದ ಕಾವಲೂ ಇಲ್ಲ. ಯಾವ ಹಣ್ಣಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿ ಅಂತ ಅಂಕ ಕೊಡ್ತಿದ್ದ ಪಟ್ಟೀನ ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ತೆಗೆದುಹಾಕ್ತು, ಕಂಪನಿಗಳು ಅದನ್ನ ಜಾಹೀರಾತಿಗೆ ಬಳಸ್ಕೊತಿದ್ವು, ಆ ಅಂಕ ನೋಡಿ ದೇಹದೊಳಗೆ ಏನಾಗುತ್ತೆ ಅಂತ ಹೇಳೋಕಾಗಲ್ಲ ಅನ್ನೋ ಕಾರಣಕ್ಕೆ.

ಅರಿಶಿನದ ವಿಷಯಕ್ಕೆ ಬರ್ತೀನಿ, ಇದರಲ್ಲಿ ನಮ್ಮ ಬೆಂಗಳೂರಿನ ಕತೇನೂ ಇದೆ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನೋರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷೆ ಮಾಡಿದ್ರು, ಏನೂ ಸಿಗ್ಲಿಲ್ಲ ಅನ್ನೋ ಅಷ್ಟು ಕಮ್ಮಿ. ಜೊತೆಗೆ ಕಾಳುಮೆಣಸಿನ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ 2000% ಜಾಸ್ತಿ ಸಿಕ್ತು. ಈಗ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ ಇರೋ 2000% ಇದೇ. ಅವರು ಅಳೆದಿದ್ದು ರಕ್ತದಲ್ಲಿ ಎಷ್ಟು ಸೇರ್ತು ಅಂತ, ನೆನಪಿನ ಶಕ್ತೀನಲ್ಲ. ಅರಿಶಿನ ಪುಡೀಲಿ ಕರ್ಕ್ಯುಮಿನ್ ಇರೋದು ಹತ್ತಿರ ಹತ್ತಿರ 3%, ಆ 2 ಗ್ರಾಂ ಅಡುಗೆಯಿಂದ ಬರ್ಬೇಕಂದ್ರೆ ಅರವತ್ತೈದು ಗ್ರಾಂ ಅರಿಶಿನ ತಿನ್ಬೇಕು, ಯಾರ ಮನೆ ಸಾರಲ್ಲಿ ಅಷ್ಟು ಹಾಕ್ತಾರೆ ಹೇಳಿ. ಅಲ್ಜೈಮರ್ ಇರೋರಿಗೇ ಕರ್ಕ್ಯುಮಿನ್ ಕೊಟ್ಟು ಅಮೆರಿಕ, ಹಾಂಗ್‌ಕಾಂಗ್‌ನಲ್ಲಿ ಮಾಡಿದ ಸಣ್ಣ ಪ್ರಯೋಗಗಳಲ್ಲಿ ಉಪಯೋಗ ಕಾಣ್ಲಿಲ್ಲ. ಬದಲಿಗೆ ಅರಿಶಿನದ ಸಪ್ಲಿಮೆಂಟಿಂದ ಲಿವರ್ ಕೆಟ್ಟ 10 ಜನರ ಬಗ್ಗೆ ಅಮೆರಿಕದ ವೈದ್ಯರು 2022ರಲ್ಲಿ ವರದಿ ಮಾಡಿದಾರೆ, ಅದರಲ್ಲಿ ಒಬ್ಬರು ತೀರ್ಕೊಂಡ್ರು. ಸಾರಿನ ಅರಿಶಿನಕ್ಕೆ ಯಾರೂ ಹೆದರ್ಬೇಕಿಲ್ಲ.

ಗಿಂಕ್ಗೊ ಕತೆ ಇನ್ನೂ ಸ್ಪಷ್ಟ. 75 ದಾಟಿದ 3069 ಜನರ ಮೇಲೆ ಸುಮಾರು ಆರು ವರ್ಷ ನೋಡಿ 2008ರಲ್ಲಿ ಫಲಿತಾಂಶ ಹೇಳಿದ್ರು, ಡಿಮೆನ್ಷಿಯಾ (ಅಲ್ಜೈಮರ್ ಥರದ ಮರೆವಿನ ಕಾಯಿಲೆಗಳು) ಬರೋದು ಕಮ್ಮಿ ಆಗ್ಲಿಲ್ಲ. ಪಾರ್ಕಿನ್ಸನ್‌ಗೆ ವಿಟಮಿನ್ ಇ ಕೊಟ್ಟ 800 ಜನರ ಪ್ರಯೋಗಾನೂ 1993ರಲ್ಲಿ ಹಾಗೇ ಮುಗೀತು. ಬ್ರಾಹ್ಮಿ ಅಂತೂ ಯಾವುದು ಅನ್ನೋದೇ ಗೊಂದಲ, ನಮ್ಮ ಕಡೆ ಒಂದೆಲಗಾನೇ ಬ್ರಾಹ್ಮಿ ಅಂತಾರೆ, ಔಷಧಿಯೋರು ಹೆಚ್ಚಾಗಿ ನೀರುಬ್ರಾಹ್ಮಿ ಅಂತಾರೆ, ಎರಡೂ ಬೇರೆ ಬೇರೆ ಗಿಡ.

ಗಿಡದಲ್ಲಿ ಮದ್ದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಮುಟ್ಟಿದ್ರೆ ಮೈಯೆಲ್ಲ ತುರಿಸೋ ನಸುಗುನ್ನಿಯ ಬೀಜದಲ್ಲಿ ಎಲ್-ಡೋಪಾ ಇದೆ, ಪಾರ್ಕಿನ್ಸನ್‌ಗೆ ಡಾಕ್ಟ್ರು ಬರ್ಕೊಡೋದೂ ಅದನ್ನೇ. ಅದು ಕೆಲಸ ಮಾಡೋದು ಆಂಟಿಆಕ್ಸಿಡೆಂಟ್ ಅಂತಲ್ಲ, ಆ ಕಾಯಿಲೇಲಿ ಮಿದುಳಲ್ಲಿ ಕಮ್ಮಿ ಆಗೋ ಡೋಪಮಿನ್ ಅನ್ನೋ ರಾಸಾಯನಿಕವಾಗಿ ಬದಲಾಗುತ್ತೆ ಅಂತ. ನಿಜವಾದ ಮದ್ದು ಆಗಿರೋದ್ರಿಂದಲೇ ಅದನ್ನ ಡಾಕ್ಟ್ರಿಗೆ ಹೇಳ್ದೆ ಮಾತ್ರೆ ಜೊತೆ ತಿಂದ್ರೆ ಅಪಾಯ.

ನಮ್ಮ ದೇಶದಲ್ಲಿ 60 ದಾಟಿದೋರಲ್ಲಿ 7.4% ಜನಕ್ಕೆ, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಅಂದಾಜು ಬಂತು. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾ ಅಪಾಯ ಹೆಚ್ಚಿಸೋ 14 ಕಾರಣಗಳಲ್ಲಿ ಬಿಪಿ, ಶುಗರ್, ಕೊಲೆಸ್ಟ್ರಾಲ್, ಸಿಗರೇಟು, ಕಿವಿ ಕೇಳದೇ ಇರೋದು, ಕಣ್ಣು ಕಾಣದೇ ಇರೋದು, ಒಂಟಿತನ ಎಲ್ಲಾ ಇವೆ, ಹದಿನಾಲ್ಕನ್ನೂ ಸರಿಮಾಡಿದ್ರೆ ಸುಮಾರು 45% ಡಿಮೆನ್ಷಿಯಾ ತಪ್ಪಿಸಬಹುದು ಇಲ್ಲಾ ಮುಂದೂಡಬಹುದು ಅಂತ ಅವರ ಲೆಕ್ಕ. ಕಿವಿ ಪರೀಕ್ಷೆ ಬಗ್ಗೆ ನಿಮ್ಮ ಪುಟದಲ್ಲಿ ಒಂದು ಸಲಾನೂ ಓದಿದ ನೆನಪಿಲ್ಲ ನಂಗೆ.

ಇನ್ಮೇಲೆ ಇಂಥ ಬರಹ ಹಾಕಿದಾಗ ಪ್ರಯೋಗ ಇಲಿ ಮೇಲೋ ಮನುಷ್ಯರ ಮೇಲೋ, ಎಷ್ಟು ಜನ, ಎಷ್ಟು ಡೋಸು ಅಂತ ಒಂದು ಸಾಲು ಸೇರಿಸಿ. ಮತ್ತೆ ಅದೇ ಪುಟದ ಕೆಳಗೆ ನೆನಪಿನ ಶಕ್ತಿ ಮಾತ್ರೆ ಜಾಹೀರಾತು ಇತ್ತು, ಅದನ್ನ ಕನಿಷ್ಠ ಬೇರೆ ಪುಟಕ್ಕಾದ್ರೂ ಹಾಕಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಸಾಗರ